ಅಂಗೈ ಮೇಲಿನ ಮುಖ

ಪುಟ್ಟಿಗೆ ಆಗಲೇ ನಲವತ್ತು ದಾಟಿತ್ತು. ಆದರೂ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಬಣ್ಣದ ಅಂಗಡಿಯವನ ಬಾಯಲ್ಲೂ ಅವಳು ಪುಟ್ಟಿಯೇ. ಮೇಷ್ಟ್ರ ಹತ್ತಿರ ಕೆಲಸ ಕಲಿಯಲು ಸೇರಿದಾಗ ಇನ್ನೂ ಎರಡು ಜಡೆಯ ಹುಡುಗಿ. ಅಂದು ಅಂಟಿಕೊಂಡ ಹೆಸರು ಕೂದಲು ನೆರೆಯಲು ಶುರುವಾದರೂ ಬಿಟ್ಟುಹೋಗಲಿಲ್ಲ.

ಮೇಷ್ಟ್ರೆಂದರೆ ಭಾವಚಿತ್ರಕ್ಕೆ ಆ ಊರಿನಲ್ಲಿ ಎತ್ತಿದ ಕೈ. ಕೋರ್ಟಿನ ಹಜಾರ, ಆಸ್ಪತ್ರೆಯ ಮೆಟ್ಟಿಲ ಬುಡ, ಉಳ್ಳವರ ಮನೆಯ ಮುಂಗೋಣೆ, ಎಲ್ಲಿ ಹೋದರೂ ಅವರು ಬರೆದ ಒಂದು ಮುಖ ಗೋಡೆಯ ಮೇಲಿನಿಂದ ನೋಡುತ್ತಿತ್ತು. ಎಡಗಡೆಯಿಂದ ಬೀಳುವ ಬೆಳಕು, ಹಿಂದೆ ಕಾಫಿ ಬಣ್ಣದ ಕತ್ತಲೆ, ಕಣ್ಣಂಚಿನಲ್ಲಿ ಒಂದು ಚೂರು ತೇವ. ಎಂಥ ಗಡುಸು ಮನುಷ್ಯನೂ ಅವರ ಕುಂಚದಲ್ಲಿ ಕರುಣಾಳುವಾಗಿ ಹೊರಬೀಳುತ್ತಿದ್ದ. ಪುಟ್ಟಿ ಮೊದಮೊದಲು ಕುಂಚ ತೊಳೆದಳು. ಆಮೇಲೆ ಕೋಟಿನ ಗುಂಡಿ, ಕಾಲರು, ತೊಡೆಯ ಮೇಲಿಟ್ಟ ಕೈಗಳು ಅವಳ ಪಾಲಿಗೆ ಬಂದವು. ಮೇಷ್ಟ್ರಿಗೆ ಕೈ ಬರೆಯುವುದೆಂದರೆ ಬೇಸರ. ಬೆರಳು ಲೆಕ್ಕ ಹಾಕುವಷ್ಟರಲ್ಲಿ ಮುಖ ಮರೆತುಹೋಗುತ್ತದೆ ಎಂದು ಗೊಣಗುತ್ತಿದ್ದರು. ಅವರ ಕಣ್ಣು ಮಂಜಾಗುತ್ತ ಬಂದ ಮೇಲೆ ಮುಖಗಳನ್ನೂ ಅವಳೇ ಬರೆದಳು, ಕೆಳಗೆ ಅವರು ಸಹಿ ಹಾಕಿದರು. ಇದರಲ್ಲಿ ಹೆಚ್ಚುಕಡಿಮೆ ಏನಾದರೂ ಇದೆಯೆಂದು ಇಬ್ಬರಿಗೂ ಅನಿಸಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಮಗಳು ತಕ್ಕಡಿ ಹಿಡಿದ ಹಾಗೆ, ಅಷ್ಟೇ.

ಸಹಿ ಹಾಕುವಷ್ಟೂ ಕಣ್ಣು ಕಾಣದಾದಾಗ ಮೇಷ್ಟ್ರು ಸ್ಟುಡಿಯೋ ಮುಚ್ಚಿ ಮಗಳ ಮನೆ ಸೇರಿದರು. ಪುಟ್ಟಿ ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದಳು. ಅವಳ ಸ್ವಂತ ಹೆಸರಿಗೆ ಬಂದ ಮೊದಲ ಗಿರಾಕಿ ನಿವೃತ್ತರಾಗುತ್ತಿದ್ದ ಒಬ್ಬ ಪ್ರಿನ್ಸಿಪಾಲರು. ಚಿತ್ರ ಮುಗಿದ ದಿನ ಅವರು ಬಂದು, ಕೈ ಹಿಂದೆ ಕಟ್ಟಿಕೊಂಡು, ಹಿಂದೆ ಮುಂದೆ ಓಡಾಡಿ ನೋಡಿದರು. ಮುಖ ಅರಳಿತು.

"ಏನಮ್ಮಾ, ಮೇಷ್ಟ್ರೇ ಬಂದು ಬರ್ದ ಹಾಗಿದೆ! ಕೆಳಗೆ ಅವರ ಸಹಿ ಒಂದು ಇದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ."

ಪಾಪ, ಅವರು ಹೊಗಳಿದ್ದೇ. ಪುಟ್ಟಿಯೂ ನಕ್ಕು ಕಳಿಸಿದಳು. ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಅವರು ಹೋದ ಮೇಲೆ, ಮೇಷ್ಟ್ರ ಸ್ಟುಡಿಯೋದಿಂದ ತಂದಿಟ್ಟಿದ್ದ ತನ್ನ ಹಳೆಯ ಚಿತ್ರಗಳನ್ನೆಲ್ಲ ಗೋಡೆಗೆ ಸಾಲಾಗಿ ಒರಗಿಸಿ ಎದುರಿಗೆ ಕೂತಳು. ದಪ್ಪಗಿದ್ದವರು, ತೆಳ್ಳಗಿದ್ದವರು, ವ್ಯಾಪಾರಿ, ದಾದಿ, ಎಲ್ಲರೂ ಒಂದೇ ತಾಯಿ ಹೆತ್ತ ಮಕ್ಕಳ ಹಾಗೆ ಒದ್ದೆ ಕಣ್ಣಲ್ಲಿ ಅವಳನ್ನು ನೋಡುತ್ತಿದ್ದರು. ಆ ತಾಯಿ ತಾನಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಆಮೇಲೆ ಕೆಲವು ತಿಂಗಳು ಅವಳು ಮಾಡದ ಸಾಹಸವಿಲ್ಲ. ಕುಂಚ ಬಿಸಾಕಿ, ಬಣ್ಣ ಕಲಸುವ ಚಪ್ಪಟೆ ಕತ್ತಿಯಿಂದ ಗಾರೆ ಮೆತ್ತಿದ ಹಾಗೆ ಬಣ್ಣ ಮೆತ್ತಿದಳು. ಲೈಬ್ರರಿಯಲ್ಲಿ ದೊಡ್ಡ ದೊಡ್ಡ ಚಿತ್ರಗಳ ಪುಸ್ತಕ ತಿರುವಿ, ಮೂಗನ್ನು ಒಂದು ಕಡೆ, ಕಣ್ಣನ್ನು ಇನ್ನೊಂದು ಕಡೆ ಇಟ್ಟು ನೋಡಿದಳು. ಬೇರೆ ಯಾರೂ ಸಿಗದೆ ಭಾವನನ್ನು ಕೂರಿಸಿ ಹಸಿರು ನೀಲಿಯಲ್ಲಿ ಬರೆದಳು. ಅಕ್ಕ ಆ ಚಿತ್ರವನ್ನು ನೋಡಿ, ಗಂಡನನ್ನು ನೋಡಿ, ಮತ್ತೆ ಚಿತ್ರ ನೋಡಿದಳು.

"ನಮ್ಮವ್ರಿಗೆ ಹುಷಾರಿಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ ನೀನು?"

ಭಾವನಿಗೆ ಮಾತ್ರ ಅದು ಬಹಳ ಹಿಡಿಸಿತು. ಮನೆಗೆ ಒಯ್ದು ಫ್ರಿಜ್ಜಿನ ಮೇಲಿಟ್ಟುಕೊಂಡ. ಪುಟ್ಟಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಹೊಸದಾಗಿ ಮಾಡಿದ್ದೆಲ್ಲ ಯಾರದೋ ಬಟ್ಟೆ ಎರವಲು ತಂದು ತೊಟ್ಟ ಹಾಗಿತ್ತು; ಎಲ್ಲೋ ಬಿಗಿ, ಎಲ್ಲೋ ಸಡಿಲ. ಮೇಷ್ಟ್ರ ಅಂಗಿಯಾದರೂ ಮೈಗೆ ಒಗ್ಗಿತ್ತು.

ಅಷ್ಟರಲ್ಲಿ ಕೋಣೆಯ ಯಜಮಾನ, ಸೊಸೆ ಬರುತ್ತಾಳೆ, ಜಾಗ ಬೇಕು ಎಂದ. ಅಕ್ಕನ ಬ್ಯೂಟಿ ಪಾರ್ಲರ್ ಮುಖ್ಯ ರಸ್ತೆಯಲ್ಲಿತ್ತು. ಹಿಂದುಗಡೆ ಶಾಂಪೂ ಪೆಟ್ಟಿಗೆ, ಟವೆಲ್ಲಿನ ಗಂಟು, ಕೆಟ್ಟ ಹೇರ್ ಡ್ರೈಯರುಗಳಿಗೆಂದು ಒಂದು ಸಣ್ಣ ಕೋಣೆ. ಅಕ್ಕ ಅರ್ಧ ಜಾಗ ತೆರವು ಮಾಡಿಕೊಟ್ಟಳು. ಒಂದೇ ಷರತ್ತು: ಟರ್ಪೆಂಟೈನ್ ವಾಸನೆ ಗಿರಾಕಿಗಳ ಮೂಗಿಗೆ ಬಡಿಯಕೂಡದು. ಎಣ್ಣೆಬಣ್ಣದ ಡಬ್ಬಿಗಳಿಗೆಲ್ಲ ಬಿರಡೆ ಬಿತ್ತು. ಪುಟ್ಟಿಗೆ ಉಳಿದದ್ದು ಇದ್ದಿಲ ಕಡ್ಡಿ, ಮತ್ತು ಪೆಟ್ಟಿಗೆಗಳ ಜೊತೆ ಬರುತ್ತಿದ್ದ ಕಂದು ಕಾಗದ.

ಕೋಣೆಗೂ ಪಾರ್ಲರಿಗೂ ನಡುವೆ ಒಂದು ಪರದೆ. ಪೂರ್ತಿ ಮುಚ್ಚಿದರೆ ಸೆಕೆ, ಆದ್ದರಿಂದ ಅರ್ಧ ಸರಿಸಿರುತ್ತಿತ್ತು. ಪುಟ್ಟಿ ಏನೂ ಕೆಲಸವಿಲ್ಲದೆ ಸ್ಟೂಲಿನ ಮೇಲೆ ಕೂತು ಆ ಸಂದಿಯಿಂದ ನೋಡುತ್ತಿದ್ದಳು. ಬಂದ ಹೆಂಗಸರೆಲ್ಲ ಕನ್ನಡಿಯ ಮುಂದೆ ಕೂತ ಕೂಡಲೇ ಒಂದು ಮುಖ ಹಾಕಿಕೊಳ್ಳುತ್ತಿದ್ದರು. ಹುಬ್ಬು ಒಂದಿಷ್ಟು ಮೇಲಕ್ಕೆ, ತುಟಿ ಒಂದಿಷ್ಟು ಒಳಕ್ಕೆ, ಗದ್ದ ಮುಂದಕ್ಕೆ. ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡಷ್ಟು ಸಹಜವಾಗಿ. ಮೇಷ್ಟ್ರ ಸ್ಟುಡಿಯೋದಲ್ಲಿ ಅವಳು ವರ್ಷಾನುಗಟ್ಟಲೆ ನೋಡಿದ್ದು ಇದೇ ಮುಖವನ್ನು.

ಆದರೆ ತಲೆ ತೊಳೆಯುವ ಬೋಗುಣಿಯ ಹತ್ತಿರ ಬೇರೆಯೇ ನಡೆಯುತ್ತಿತ್ತು. ಅಲ್ಲಿ ಕನ್ನಡಿಯಿರಲಿಲ್ಲ. ಗಿರಾಕಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಬೇಕು. ಅಕ್ಕ ತನ್ನ ಮಣಿಕಟ್ಟಿನ ಮೇಲೆ ನೀರು ಬಿಟ್ಟು ಬಿಸಿ ನೋಡಿ, ಎಡ ಅಂಗೈಯನ್ನು ಅವರ ತಲೆಯ ಕೆಳಗೆ ಕೊಡುತ್ತಿದ್ದಳು. ಮೊದಲು ಕತ್ತು ಸೆಟೆದೇ ಇರುತ್ತಿತ್ತು. ಆಮೇಲೆ ಯಾವಾಗಲೋ ಒಂದು ಗಳಿಗೆ, ತಲೆಯ ಭಾರವೆಲ್ಲ ಆ ಅಂಗೈಗೆ ಬೀಳುತ್ತಿತ್ತು. ಆಗ ಮುಖ ಬಿಚ್ಚಿಕೊಳ್ಳುತ್ತಿತ್ತು. ಸುಸ್ತು ಕಾಣುತ್ತಿತ್ತು, ಮೊಂಡುತನ ಕಾಣುತ್ತಿತ್ತು, ಕೆಲವರಲ್ಲಿ ಚಿಕ್ಕಂದಿನ ತುಂಟಿ ಕಾಣುತ್ತಿದ್ದಳು.

ಪುಟ್ಟಿ ಇದ್ದಿಲು ಕೈಗೆತ್ತಿಕೊಂಡಳು.

ಮೊದಲ ಚಿತ್ರಗಳು ಹಾಳಾದವು. ಕಣ್ಣು ಮುಚ್ಚಿದ ಮುಖವಷ್ಟನ್ನೇ ಬರೆದರೆ ಹೆಣ ಮಲಗಿಸಿದ ಹಾಗೆ ಕಾಣುತ್ತಿತ್ತು. ಒಂದು ದಿನ, ಮುಖ ಬರೆದ ಮೇಲೂ ಕಾಗದದಲ್ಲಿ ಜಾಗ ಉಳಿಯಿತೆಂದು, ಯೋಚನೆಯಿಲ್ಲದೆ ಅಕ್ಕನ ಅಂಗೈಯನ್ನೂ ಬರೆದಳು. ನಾಲ್ಕೇ ಗೆರೆ. ಹೆಣ ಉಸಿರಾಡಿತು. ಪುಟ್ಟಿ ಕೂತಲ್ಲಿಂದ ಎದ್ದು ನಿಂತಳು. ಇಷ್ಟು ವರ್ಷ ಬರೆದ ಕೈಗಳೆಲ್ಲ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಈ ಕೈ ಒಂದು ಕೆಲಸದಲ್ಲಿತ್ತು. ಮುಖದ ತೂಕ ಎಷ್ಟೆಂದು ಅದಕ್ಕೆ ಗೊತ್ತಿತ್ತು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ತಲೆ ತೊಳೆಯುವ ಹೊತ್ತು ಸ್ವಲ್ಪವೇ. ಬೆಳಕು ಎಡವೋ ಬಲವೋ ನೋಡಲು ಪುರುಸೊತ್ತಿಲ್ಲ. ಗೆರೆ ತನ್ನಷ್ಟಕ್ಕೆ ಚುರುಕಾಯಿತು, ಒರಟಾಯಿತು. ತಪ್ಪಿದ ಗೆರೆಯನ್ನು ಒರೆಸದೆ ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯುವುದು ರೂಢಿಯಾಯಿತು. ಕೋಣೆಯ ಗೋಡೆ ತುಂಬ ಕಂದು ಕಾಗದಗಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಮರೆಯುತ್ತಿದ್ದಳು. ಅಕ್ಕ ಒಳಗೆ ಟವೆಲ್ ತರಲು ಬಂದಾಗ ತನ್ನ ಕೈಗಳನ್ನು ನೋಡಿ, ಇಷ್ಟು ದಪ್ಪ ಬೆರಳೇನೇ ನಂದು ಎಂದು ಸಿಡುಕಿ ಹೋಗುತ್ತಿದ್ದಳು.

ಸಂತೋಷದ ಅಮಲಿನಲ್ಲಿ ಪುಟ್ಟಿ ಒಂದನ್ನು ಮರೆತಿದ್ದಳು: ಬರೆಸಿಕೊಂಡವರಿಗೆ ಅದು ಗೊತ್ತೇ ಇರಲಿಲ್ಲ.

ಅಕ್ಕನ ಗಿರಾಕಿಗಳಲ್ಲಿ ಒಬ್ಬ ಲಾಯರಮ್ಮ. ಐವತ್ತರ ಆಸುಪಾಸು, ನೇರ ಮಾತು, ನೇರ ಬೆನ್ನು. ಆ ದಿನ ಕೈ ಒರೆಸಿಕೊಳ್ಳಲು ಬಟ್ಟೆ ಬೇಕೆಂದು ಪರದೆ ಸರಿಸಿದವರು ಅಲ್ಲೇ ನಿಂತುಬಿಟ್ಟರು. ಗೋಡೆಯ ನಟ್ಟನಡುವೆ ಅವರೇ ಇದ್ದರು. ಬಾಯಿ ಅರೆತೆರೆದು, ಕತ್ತು ಸಡಿಲಿಸಿ, ಎಲ್ಲೋ ಕಳೆದುಹೋದ ಹುಡುಗಿಯ ಹಾಗೆ.

"ನಾನಿಲ್ಲಿಗೆ ಬರೋದು ತಲೆ ತೊಳ್ಸ್ಕೊಳ್ಳೋಕೆ," ಎಂದರು, ದನಿ ಏರಿಸದೆ. "ಕಣ್ಣು ಮುಚ್ಚಿದಾಗ ಕದಿಸ್ಕೊಳ್ಳೋಕಲ್ಲ. ಹರೀರಿ ಅದನ್ನ."

ಪುಟ್ಟಿ ಹರಿದಳು. ಅವರ ಎದುರಿಗೇ, ಎರಡು ತುಂಡು, ನಾಲ್ಕು ತುಂಡು. ಅವಳು ಬರೆದವುಗಳಲ್ಲೆಲ್ಲ ಚೆಂದದ್ದು ಅದೇ ಆಗಿತ್ತು.

ಅಕ್ಕ ಗಿರಾಕಿಗಳ ಮುಂದೆ ತಂಗಿಯನ್ನು ಬೈಯಲಿಲ್ಲ. ಬಾಗಿಲು ಹಾಕುವಾಗ ಮಾತ್ರ, ನನ್ನ ಕೈಗೆ ತಲೆ ಕೊಡೋರು ನನ್ನ ನಂಬಿ ಕೊಡ್ತಾರೆ ಕಣೇ ಎಂದಳು. ಬೈದಿದ್ದರೆ ಒಳ್ಳೆಯದಿತ್ತು. ಪುಟ್ಟಿ ಗೋಡೆಯ ಚಿತ್ರಗಳನ್ನೆಲ್ಲ ಇಳಿಸಿ, ವಾರವಿಡೀ ಒಬ್ಬೊಬ್ಬರ ಮನೆಗೂ ಹೋಗಿ, ತಪ್ಪಾಯಿತೆಂದು ಹೇಳಿ ಅವರವರ ಚಿತ್ರ ಅವರವರ ಕೈಗಿತ್ತು ಬಂದಳು. ಕೆಲವರು ಮುಖ ಸಿಂಡರಿಸಿದರು, ಕೆಲವರು ಕಟ್ಟು ಹಾಕಿಸುತ್ತೇವೆ ಎಂದರು. ಒಬ್ಬಾಕೆ, ನನ್ನ ಮೂಗನ್ನ ಇನ್ನೊಂಚೂರು ಸಣ್ಣ ಮಾಡಿಕೊಡು ಎಂದು ಅಲ್ಲೇ ಕೂರಿಸಿಕೊಂಡಳು.

ಇನ್ನು ಕೇಳದೆ ಬರೆಯುವುದಿಲ್ಲ ಎಂದು ಅವಳು ತೀರ್ಮಾನಿಸಿದಳು. ಕೇಳಿ ಬರೆದಳು. ಕೇಳಿದ ತಕ್ಷಣ ಬೋಗುಣಿಯ ಮೇಲೆ ಒರಗಿದವರೂ ಹುಬ್ಬು ಎತ್ತಿ, ತುಟಿ ಒಳಗೆಳೆದು, ಕಣ್ಣು ಮುಚ್ಚಿಕೊಂಡೇ ಚೆಂದ ಕಾಣಲು ಹೊರಟರು. ಬಿಚ್ಚಿಕೊಂಡ ಮುಖ ಬೇಕು, ಕದಿಯಲೂ ಬಾರದು. ಎರಡೂ ಒಟ್ಟಿಗೆ ಹೇಗೆಂದು ಅವಳಿಗೆ ಬಗೆಹರಿಯಲಿಲ್ಲ. ಕಂದು ಕಾಗದದ ಸುರುಳಿ ಮೂಲೆ ಸೇರಿತು.

ಹೀಗಿರುವಾಗ ಲಾಯರಮ್ಮ ಮತ್ತೆ ಬಂದರು. ಅವರು ಸ್ಟೂಲು ಎಳೆದುಕೊಂಡು ಕೂತರು.

"ಅವತ್ತು ಹರೀಬೇಡಿ ಅನ್ಬೇಕಿತ್ತು ಅಂತ ಹೇಳೋಕೆ ಬಂದಿಲ್ಲ. ಹರಿಸಿದ್ದು ಸರೀನೇ," ಎಂದರು. "ಆದ್ರೆ ನಿಮಗೆ ಕೆಲಸ ಬರತ್ತೆ ಅಂತ ಗೊತ್ತಾಯ್ತು. ನಮ್ಮಪ್ಪಂದು ಬರೀಬೇಕು."

ಅವರ ತಂದೆ ರೈಲು ಓಡಿಸುತ್ತಿದ್ದವರು, ಈಗ ಎಂಬತ್ತರ ಮೇಲೆ. ಇರುವ ಫೋಟೋಗಳಲ್ಲೆಲ್ಲ ಪೊಲೀಸರು ಹಿಡಿದು ತೆಗೆಸಿದ ಹಾಗೆ ಬಿಗಿದುಕೊಂಡಿದ್ದಾರೆ. ಮನೆಯಲ್ಲಿ ಹಾಗಿರುವುದೇ ಇಲ್ಲ ಎಂದರು ಮಗಳು.

ಪುಟ್ಟಿ ಅವರ ಮನೆಗೆ ಹೋದಳು. ಕಿಟಕಿಯ ಪಕ್ಕ ಉದ್ದ ಬೆಂಚು, ಗೋಡೆ ತುಂಬ ಕಾನೂನು ಪುಸ್ತಕ, ಪಾತ್ರೆ ತೊಳೆಯುವ ಸದ್ದು ಪಕ್ಕದ ಕೋಣೆಯಿಂದ. ಮುದುಕರು ಸಂಭ್ರಮದಿಂದ ಬರಮಾಡಿಕೊಂಡರು, ಜೋಕು ಹೇಳಿದರು, ತಾವೇ ಚಹಾ ಮಾಡಿ ತಂದರು. ಇದ್ದಿಲು ಕಾಗದಕ್ಕೆ ತಾಗಿದ್ದೇ ತಡ, ಗದ್ದ ಎತ್ತಿ, ಎದೆ ಉಬ್ಬಿಸಿ, ಸಿಗ್ನಲ್ ಕಂಬವಾಗಿ ನಿಂತರು. ಅಂದೂ ಹಾಗೇ, ಮುಂದಿನ ಸಲವೂ ಹಾಗೇ. ಮಾತಾಡಿಸಿದರೂ ಅಷ್ಟೇ, ರೇಡಿಯೋ ಹಚ್ಚಿದರೂ ಅಷ್ಟೇ.

ಪುಟ್ಟಿ ಸೋತು ಕಾಗದ ಮಡಚುತ್ತ, ಮನೆಯಲ್ಲಿ ಇವರು ಏನು ಕೆಲಸ ಮಾಡುತ್ತಿದ್ದರು ಎಂದು ಸುಮ್ಮನೆ ಕೇಳಿದಳು. ಲಾಯರಮ್ಮ ಕಿಟಕಿಯ ಕಡೆ ತಿರುಗಿದರು. ತಾಯಿ ತೀರಿಕೊಂಡಾಗ ತಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ ಎಂದರು. ಅಪ್ಪ ಪಾಳಿ ಮುಗಿಸಿ, ಕೈಯಲ್ಲಿ ಇಂಜಿನ್ ಎಣ್ಣೆಯ ವಾಸನೆ ಇರುವಾಗಲೇ ತನಗೆ ಜಡೆ ಹಾಕುತ್ತಿದ್ದರಂತೆ. ಎಷ್ಟು ಬಿಗಿ ಎಂದರೆ ಶಾಲೆಯಲ್ಲಿ ಇಡೀ ದಿನ ಹುಬ್ಬು ಮೇಲೇರಿಯೇ ಇರುತ್ತಿತ್ತಂತೆ. ಟೀಚರು, ಯಾಕೆ ಹಾಗೆ ಆಶ್ಚರ್ಯಪಡ್ತೀಯ ಎಂದು ಕೇಳುತ್ತಿದ್ದರಂತೆ.

"ಈಗೇನಾಯ್ತು?" ಎಂದರು ಮುದುಕರು ಬೆಂಚಿನಿಂದ. "ಬಾ. ಮರ್ತಿಲ್ಲ ನಾನು."

ಲಾಯರಮ್ಮ ಆಗಲ್ಲ ಹೋಗಪ್ಪ ಎಂದರು. ಆದರೆ ಹಾಗೆನ್ನುತ್ತಲೇ ಕ್ಲಿಪ್ಪು ಬಿಚ್ಚಿದ್ದರು. ಅಪ್ಪನ ಕಾಲ ಬಳಿ ಕುಳ್ಳು ಸ್ಟೂಲಿನ ಮೇಲೆ, ಬೆನ್ನು ಕೊಟ್ಟು ಕೂತರು. ಹೆಗಲು ಮುಟ್ಟುವಷ್ಟೇ ಕೂದಲು. ಮುದುಕರ ಕೈ ಚಹಾದ ಲೋಟ ಹಿಡಿಯುವಾಗ ನಡುಗುತ್ತಿತ್ತು. ಕೂದಲನ್ನು ಮೂರು ಭಾಗ ಮಾಡುವಾಗಲೂ ನಡುಗಿತು, ಹೆಣೆಯಲು ಶುರುಮಾಡಿದ ಮೇಲೆ ನಿಂತಿತು. ಅವರ ನಾಲಿಗೆಯ ತುದಿ ತುಟಿಯಿಂದ ಹೊರಗಿಣುಕಿತು. ಹುಬ್ಬು ಗಂಟಿಕ್ಕಿ, ಇಡೀ ಲೋಕದಲ್ಲಿ ಇದೊಂದೇ ಕೆಲಸ ಉಳಿದಿದೆಯೆಂಬಂತೆ ಬಗ್ಗಿದರು. ಮುಂದೆ, ನೇರ ಬೆನ್ನಿನ ಲಾಯರಮ್ಮ ಪ್ರತಿ ಎಳೆತಕ್ಕೂ ಹಿಂದಕ್ಕೆ ವಾಲುತ್ತ ಕಣ್ಣು ಮುಚ್ಚಿಕೊಂಡರು. ಪುಟ್ಟಿ ಎದುರಿಗೇ ಕೂತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರಿಗೂ ಅವಳ ಗೊಡವೆ ಬೇಕಿರಲಿಲ್ಲ.

ಪುಟ್ಟಿಗೆ ಬೇಕಾದ ಉತ್ತರ ಎದುರಿಗೇ ಕೂತಿತ್ತು. ಯಾರನ್ನೂ ಒಂಟಿಯಾಗಿ ಕೂರಿಸಬಾರದು. ಅವರ ತಲೆ ಹಿಡಿಯಬಲ್ಲ ಕೈ ಯಾವುದೆಂದು ಕೇಳಿ, ಆ ಕೈಯನ್ನೂ ಕರೆಸಬೇಕು.

ಆ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಅವರ ಮನೆಯಲ್ಲೇ ಬರೆದಳು. ಹಲವು ಸಲ ಜಡೆ ಹಾಕಿಸಬೇಕಾಯಿತು. ಕೋರ್ಟಿಗೆ ಒಂದು ಸಲ ಜಡೆಯಲ್ಲೇ ಹೋದರಂತೆ ಲಾಯರಮ್ಮ. ಮೊದಲು ಇದ್ದಿಲಲ್ಲಿ ಗೆರೆ ಎಳೆದು, ಅದು ಮುಚ್ಚಿಹೋಗದಷ್ಟು ತೆಳ್ಳಗೆ ಬಣ್ಣ ಹಚ್ಚಿದಳು. ತಪ್ಪಿದ ಗೆರೆಗಳೂ ಒಳಗಿನಿಂದ ಇಣುಕಿದವು, ಬೆರಳುಗಳು ಈಗಷ್ಟೇ ಅಲ್ಲಿಂದ ಇಲ್ಲಿಗೆ ಸರಿದ ಹಾಗೆ. ಹಿಂದೆ ಕತ್ತಲೆ ತುಂಬಲಿಲ್ಲ. ಕಿಟಕಿಯ ಬಿಳಿಯನ್ನು ಹಾಗೇ ಬಿಟ್ಟಳು. ಕೆಲಸ ಮಾಡುವಾಗ ಮೇಷ್ಟ್ರು ಏನನ್ನುತ್ತಿದ್ದರು ಎಂಬ ಯೋಚನೆ ಒಮ್ಮೆಯೂ ಸುಳಿಯಲಿಲ್ಲ ಎಂಬುದು ಅವಳಿಗೆ ನೆನಪಾದದ್ದು ಎಲ್ಲ ಮುಗಿದ ಮೇಲೆಯೇ.

ಮುದುಕರು ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. "ಜಡೆ ಚೆನ್ನಾಗಿ ಬಂದಿದೆ," ಎಂದರು. ತಮ್ಮ ಮುಖದ ಬಗ್ಗೆ ಚಕಾರವಿಲ್ಲ.

ಲಾಯರಮ್ಮ, "ಅಪ್ಪಂದು ಬರೀರಿ ಅಂದಿದ್ದೆ. ನನ್ನ ಯಾಕೆ ಸೇರಿಸಿದ್ರಿ?" ಎಂದರು.

"ನೀವಿಲ್ದೆ ಅವ್ರು ಬರ್ಲಿಲ್ಲ."

ಲಾಯರಮ್ಮ ತಲೆಯಾಡಿಸಿದರು. ಈ ಸಲ ಹರಿಯಲು ಹೇಳಲಿಲ್ಲ. ಚಿತ್ರ ಅವರ ಆಫೀಸಿನಲ್ಲಿ, ಕಕ್ಷಿದಾರರು ಕಾದು ಕೂರುವ ಕಡೆ ನೇತುಬಿತ್ತು. ಜಗಳ ಹೊತ್ತು ಬಂದವರು ಅದರ ಎದುರಿಗೆ ಕೂತು, ಇದನ್ನು ಬರೆದವರು ಯಾರೆಂದು ವಿಚಾರಿಸತೊಡಗಿದರು. ಹಾಗೆ ಒಬ್ಬರ ಹಿಂದೊಬ್ಬರು ಪುಟ್ಟಿಯ ಬಾಗಿಲಿಗೆ ಬಂದರು, ಜೋಡಿಯಾಗಿ. ಗಂಡನ ಕಾಲರು ಸರಿಮಾಡುವ ಹೆಂಡತಿ, ಅಣ್ಣನಿಗೆ ಕ್ಷೌರ ಮಾಡುವ ತಮ್ಮ, ಜ್ವರ ಇದೆಯೇ ಎಂದು ಗೆಳತಿಯ ಹಣೆ ಮುಟ್ಟುವ ದಾದಿ. ಎಲ್ಲವೂ ಸರಿಬರಲಿಲ್ಲ. ಒಂದು ಜೋಡಿ ಬರೆಸಿಕೊಳ್ಳುವ ಮೊದಲೇ ಕಾಲರಿನ ವಿಷಯಕ್ಕೇ ಜಗಳವಾಡಿ ಎದ್ದುಹೋಯಿತು. ಮೇಷ್ಟ್ರ ಹಳೆಯ ಗಿರಾಕಿಗಳು ಕೆಲವರು, ಇದೇನಿದು ಅರ್ಧ ಬರೆದು ಬಿಟ್ಟಿದ್ದಾಳೆ ಎಂದು ಮೂಗು ಮುರಿದರು. ಪುಟ್ಟಿಗೆ ಬೇಸರವಾಯಿತು, ಕೆಲಸ ನಿಲ್ಲಲಿಲ್ಲ.

ಸುದ್ದಿ ಮೇಷ್ಟ್ರನ್ನೂ ಮುಟ್ಟಿತು. ಒಂದು ಬೆಳಿಗ್ಗೆ ಮಗಳ ತೋಳು ಹಿಡಿದುಕೊಂಡು ಪಾರ್ಲರಿಗೇ ಬಂದರು. ಒದ್ದೆ ತಲೆಯ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹಿಂದಿನ ಕೋಣೆಗೆ ಬಂದು, ಭೂತಗನ್ನಡಿ ಹಿಡಿದು, ಜೋಡಿಯೊಂದರ ಮನೆಯಲ್ಲಿ ಬರೆದು ತಂದಿಟ್ಟಿದ್ದ ಕ್ಯಾನ್ವಾಸಿನ ಮೇಲೆ ಅಂಗುಲ ಅಂಗುಲವಾಗಿ ಸರಿದರು. ಪುಟ್ಟಿ ಎರಡು ಜಡೆಯ ಹುಡುಗಿಯಾಗಿ ಪಕ್ಕದಲ್ಲಿ ನಿಂತಿದ್ದಳು.

"ಇದ್ರಲ್ಲಿ ನಾನೆಲ್ಲೂ ಇಲ್ವಲ್ಲೇ," ಎಂದರು ಕೊನೆಗೆ.

ಮೇಷ್ಟ್ರು ಭೂತಗನ್ನಡಿಯನ್ನು ಜೇಬಿಗಿಳಿಸಿ ಕುರ್ಚಿ ಹುಡುಕಿ ಕೂತರು. ಸ್ವಲ್ಪ ನೊಂದಿದ್ದರು, ಅದನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ. ಆಮೇಲೆ ಅವಳ ಇದ್ದಿಲು ಮೆತ್ತಿದ ಕೈಯನ್ನು ತಡಕಿ ಹಿಡಿದು, ನಾನು ಕಲಿಸದೇ ಇದ್ದದ್ದನ್ನ ನೋಡಿದೆ ಇವತ್ತು, ಚೆನ್ನಾಗಿದೆ ಎಂದರು. ಮೇಷ್ಟ್ರು ಚೆನ್ನಾಗಿದೆ ಎಂದದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆಯೆಂದರೆ "ಹೂಂ" ಅಷ್ಟೇ ಆಗಿತ್ತು. ಹೊರಡುವಾಗ ಮಗಳು ಕಣ್ಣಿಗೆ ಔಷಧಿಯ ಹನಿ ಬಿಡಲು ಅವರ ಗದ್ದ ಎತ್ತಿದಳು. ಪುಟ್ಟಿ ನೋಡುತ್ತಲೇ ನಿಂತಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ಸರಿ, ಬರ್ಕೋ, ಆದ್ರೆ ಇವತ್ತಲ್ಲ, ಶೇವ್ ಮಾಡಿಲ್ಲ ಎಂದರು.

ಅವರು ಹೋದ ಮೇಲೆ ಅಕ್ಕ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಊರವರೆಲ್ಲ ಬರೆಸಿಕೊಂಡಾಯಿತು, ತನ್ನ ಕೈ ಎಲ್ಲ ಕಡೆ ದುಡಿಯುತ್ತಿದೆ, ಮುಖಕ್ಕೆ ಮಾತ್ರ ಎಲ್ಲೂ ಜಾಗವಿಲ್ಲ ಎಂದು ತಕರಾರು ತೆಗೆದಳು. ಪುಟ್ಟಿ, ಸರಿ, ನಿನ್ನ ತಲೆ ಹಿಡಿಯೋರು ಯಾರು ಎಂದಳು. ಭಾವನ ಹೆಸರು ಬಂತು. ಆತ ನೀರು ಕಿವಿಯೊಳಗೆ ಬಿಡುತ್ತಾನೆಂದು ಅಕ್ಕನೇ ತಳ್ಳಿಹಾಕಿದಳು. ಒಂದರ ನಂತರ ಒಂದು ಹೆಸರು ಬಿದ್ದುಹೋಯಿತು.

"ನೀನೇ ಹಿಡ್ಕೊಳ್ಳೇ," ಎಂದಳು ಅಕ್ಕ.

"ನಾನು ಹಿಡ್ಕೊಂಡ್ರೆ ಬರಿಯೋರ್ಯಾರು?"

ಆದರೂ ಅಕ್ಕ ಹೋಗಿ, ದಿನವೂ ಬೇರೆಯವರನ್ನು ಕೂರಿಸುವ ಕುರ್ಚಿಯಲ್ಲಿ ತಾನು ಕೂತು, ಬೋಗುಣಿಗೆ ಒರಗಿದಳು. ಪುಟ್ಟಿ ಕೈ ತೊಳೆದುಕೊಂಡು ಬಂದಳು. ನಲ್ಲಿ ತಿರುಗಿಸಿ, ಮಣಿಕಟ್ಟಿನ ಮೇಲೆ ನೀರು ಬಿಟ್ಟು ನೋಡಿದಳು. ಸ್ವಲ್ಪ ಬಿಸಿ ಜಾಸ್ತಿ ಎನಿಸಿ ತಣ್ಣೀರು ಬೆರೆಸಿದಳು. ಎಡ ಅಂಗೈಯನ್ನು ಅಕ್ಕನ ತಲೆಯ ಕೆಳಗೆ ಕೊಟ್ಟಳು. ಅಕ್ಕನ ಕತ್ತು ಮರದ ಕೊರಡಿನಂತೆ ಸೆಟೆದಿತ್ತು. ನೀರು ಹೀಗಲ್ಲ ಹಾಗೆ ಎಂದು ಬಾಯಿ ನಡೆಯುತ್ತಲೇ ಇತ್ತು. ಪುಟ್ಟಿ ಹೂಂ ಹೂಂ ಎನ್ನುತ್ತ, ಬೆರಳು ಆಡಿಸುತ್ತ, ಕಾದಳು. ನಿಧಾನವಾಗಿ ಮಾತು ಕಡಿಮೆಯಾಯಿತು. ಒಂದು ವಾಕ್ಯ ಅರ್ಧಕ್ಕೇ ನಿಂತುಹೋಯಿತು. ಆಮೇಲೆ ಅಕ್ಕನ ತಲೆಯ ಭಾರ ಪೂರ್ತಿಯಾಗಿ ಅವಳ ಅಂಗೈಗೆ ಬಂತು. ಅವಳು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಭಾರ.

ಇದನ್ನು ಕಣ್ಣಿನಿಂದ ಬರೆಯಲಾಗದು, ಕೈಯ ನೆನಪಿನಿಂದಲೇ ಬರೆಯಬೇಕು ಎಂದುಕೊಂಡಳು ಪುಟ್ಟಿ. ಹೇಗೆಂದು ಇನ್ನೂ ಗೊತ್ತಿರಲಿಲ್ಲ. ಅವಸರವೂ ಇರಲಿಲ್ಲ. ಇನ್ನೊಂದಿಷ್ಟು ಶಾಂಪೂ ಹಾಕಿಕೊಂಡು, ಅಕ್ಕನ ಕಿವಿಯ ಹಿಂದುಗಡೆ ಮೆಲ್ಲಗೆ ತಿಕ್ಕತೊಡಗಿದಳು.